ನೀಲವ್ವನ ಕರಡಿಗೆ

ಸಿದ್ದಲಿಂಗಪ್ಪನ ಕೋಟಿನ ಒಳಜೇಬಿನಲ್ಲಿ ಎರಡು ವಸ್ತು ಸದಾ ಇರುತ್ತಿದ್ದವು. ಒಂದು, ಹಿರಿಯರಿಗೆ ಕೊಡುವ ಬಸ್ಸು-ರೈಲಿನ ಪಾಸು. ಇನ್ನೊಂದು, ತೀರಿಹೋದ ಹೆಂಡತಿ ನೀಲವ್ವನ ಕರಡಿಗೆ. ನಿಂಬೆಹಣ್ಣಿನ ಗಾತ್ರದ ಬೆಳ್ಳಿ ಡಬ್ಬಿ ಅದು, ಒಳಗೆ ಅವಳ ಇಷ್ಟಲಿಂಗ. ಕೂಸಾಗಿದ್ದಾಗ ಮಠದ ಅಯ್ಯನವರು ಕೊರಳಿಗೆ ಕಟ್ಟಿದ್ದು, ಅರವತ್ತೇಳು ವರ್ಷ ಅವಳ ಎದೆಯ ಮೇಲಿತ್ತು. ಅವಳು ಹೋಗುವಾಗ ಅವಳ ಎಡಗೈಯಲ್ಲಿ ಕೂತು ಜೊತೆಯಲ್ಲೇ ಮಣ್ಣಿಗೆ ಹೋಗಬೇಕಿತ್ತು. ಹೋಗಲಿಲ್ಲ. ಯಾಕೆ ಉಳಿಯಿತು ಅನ್ನುವುದು ಸಿದ್ದಲಿಂಗಪ್ಪನೊಬ್ಬನಿಗೇ ಗೊತ್ತು. ಹದಿನೆಂಟು ತಿಂಗಳಿಂದ ಆ ವಿಷಯ ಅವನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಅವನು ನವಲಗುಂದದ ಕಡೆಯ ಹಳ್ಳಿಯವ. ಹುಬ್ಬಳ್ಳಿಯ ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕುವ ಕೆಲಸ. ಎಲುಬು ಮುರಿದುಕೊಂಡು ಬಂದವರಿಗೆ ಡಾಕ್ಟರು ಎಳೆದು ಕೂಡಿಸಿದ ಮೇಲೆ ಪಟ್ಟಿ ನೀರಿನಲ್ಲಿ ಅದ್ದಿ ಸುತ್ತುವವನು. ಅವನ ಕೈಯ ಹದ ನೋಡಿದ್ದ ಧಾರವಾಡದ ಡಾಕ್ಟರೊಬ್ಬರು ತಾವು ಲಂಡನ್ನಿಗೆ ಬಂದು ನೆಲೆ ನಿಂತ ಮೇಲೆ ಅವನನ್ನೂ ಕರೆಸಿಕೊಂಡರು. ಹೆಂಡತಿಯನ್ನೂ ಐದು ವರ್ಷದ ಮಗ ಉಮಾಶಂಕರನನ್ನೂ ಕಟ್ಟಿಕೊಂಡು ಬಂದ ಸಿದ್ದಲಿಂಗಪ್ಪ ಇಲ್ಲಿಯ ಸರಕಾರಿ ಆಸ್ಪತ್ರೆಯ ಪ್ಲಾಸ್ಟರ್ ರೂಮಿನಲ್ಲಿ ಇಪ್ಪತ್ತೇಳು ವರ್ಷ ನಿಂತು ಕೆಲಸ ಮಾಡಿದ. ಮನೆ ಇಲ್ಫರ್ಡಿನಲ್ಲಿ, ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳಲ್ಲಿ. ನೀಲವ್ವ ರೊಟ್ಟಿ ಬಡಿದರೆ ಪಕ್ಕದ ಮನೆಯವರು ಗೋಡೆ ಬಡಿಯುತ್ತಿದ್ದರು. ಆಕೆ ಒಂದು ದಿನ ಎಣ್ಣೆಗಾಯಿ ಪಲ್ಯ ಸುತ್ತಿದ ಬಿಸಿ ರೊಟ್ಟಿ ಎರಡು ಒಯ್ದು ಕೊಟ್ಟು ಬಂದಳು. ಆಮೇಲೆ ಗೋಡೆ ಬಡಿದರೆ, ರೊಟ್ಟಿ ಆಯಿತೇ ಎಂದು ಕೇಳಿದಂತೆ.

ಉಮಾಶಂಕರ ಎಂಟು ವರ್ಷದವನಿದ್ದಾಗ ಶಾಲೆಯ ಗೋಡೆ ಹತ್ತಿ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡ. ಅವತ್ತು ಪ್ಲಾಸ್ಟರ್ ಹಾಕಿದವನು ಅಪ್ಪನೇ. ಬೆರಳು ಒಂದೊಂದಾಗಿ ಬಿಡಿಸಿ ಹಿಡಿದು, "ನೋವಾಗ್ತದೇನಪಾ?" ಎಂದು ಕೇಳಿದರೆ ಹುಡುಗ ತುಟಿ ಕಚ್ಚಿಕೊಂಡು ಇಲ್ಲ ಎಂದು ತಲೆ ಅಲ್ಲಾಡಿಸಿದ. ಎಲುಬು ಕೂಡಿತು. ಒಂದು ಸಣ್ಣ ಗಂಟು ಮಾತ್ರ ಉಳಿಯಿತು, ಈಗಲೂ ಬೆರಳಾಡಿಸಿದರೆ ಸಿಗುತ್ತದೆ. ಅಪ್ಪನಿಗೆ ನೋವು ತೋರಿಸಬಾರದು ಅನ್ನುವುದನ್ನು ಆ ಹುಡುಗ ಅಪ್ಪನಿಂದಲೇ ಕಲಿತಿದ್ದ.

ನೀಲವ್ವ ಹೋದದ್ದು ಹೋದ ವರ್ಷ ಫೆಬ್ರವರಿಯಲ್ಲಿ. ಎದೆಯಲ್ಲಿ ನೀರು ತುಂಬಿಕೊಂಡು, ನಾಲ್ಕೇ ದಿನ. ಓಡಾಟವೆಲ್ಲ ಉಮಾಶಂಕರನದೇ. ಫೋನು, ಫಾರಂ, ಕಾರು, ಹೂವು. ಸೋಮವಾರ ಸಂಜೆ ಬಂದು ಅಪ್ಪನ ಮುಂದೆ ಕೂತ.

"ಅಪ್ಪಾ, ಬುಧವಾರ ಹನ್ನೆರಡಕ್ಕ ಅಂತ. ಆಗಬಹುದಲ್ಲ?"

"ಆತಪಾ."

ಇಷ್ಟೇ ಮಾತು. ಅಪ್ಪ ಹೆಚ್ಚಿಗೆ ಕೇಳಲಿಲ್ಲ, ಮಗ ಹೆಚ್ಚಿಗೆ ಹೇಳಲಿಲ್ಲ. ಸಿದ್ದಲಿಂಗಪ್ಪನ ಮಂದಿ ಸತ್ತವರನ್ನು ಸುಡುವುದಿಲ್ಲ. ವಿಭೂತಿ ಹಚ್ಚಿ, ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟು ಮಣ್ಣಿಗೆ ಕೊಡುತ್ತಾರೆ. ಅವನ ಅಪ್ಪ, ಅವ್ವ, ದೊಡ್ಡಪ್ಪ, ಎಲ್ಲರೂ ಊರಿನ ಹೊಲದ ಬದುವಿನಲ್ಲಿ ಹಾಗೆಯೇ ಕೂತಿದ್ದಾರೆ. ಸಾವಿಗೆ ಹೋಗುವುದನ್ನೇ 'ಮಣ್ಣಿಗೆ ಹೋಗುವುದು' ಅನ್ನುವ ಸೀಮೆ ಅದು. ಇದನ್ನು ಬೇರೆ ಬಿಡಿಸಿ ಹೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಉಮಾಶಂಕರನಾದರೋ ಒಂದು ಮಣ್ಣನ್ನೂ ಕಂಡವನಲ್ಲ. ಅಜ್ಜ ಅಜ್ಜಿ ತೀರಿದಾಗ ಅವನಿಗೆ ಶಾಲೆ ಇತ್ತು, ಸಿದ್ದಲಿಂಗಪ್ಪ ಒಬ್ಬನೇ ಊರಿಗೆ ಹೋಗಿ ಬಂದಿದ್ದ. ಲಂಡನ್ನಿನಲ್ಲಿ ಮಗ ಹೋಗಿಬಂದ ಸಾವುಗಳೆಲ್ಲ ಮೈಸೂರು, ಬೆಂಗಳೂರು ಕಡೆಯ ಗೆಳೆಯರ ಮನೆಯವು. ಎಲ್ಲ ಬೆಂಕಿಯವೇ. ನಮ್ಮವರೆಲ್ಲ ಮಾಡುವುದು ಹೀಗೆ ಎಂದುಕೊಂಡಿದ್ದ. ಫಾರಮಿನಲ್ಲಿ ಹಿಂದೂ ಅನ್ನುವ ಕಡೆ ಗುರುತು ಹಾಕಿದ, ಮುಂದಿನದೆಲ್ಲ ಅಂತ್ಯಕ್ರಿಯೆಯ ಕಂಪನಿಯವರು ತಮ್ಮ ರೂಢಿಯಂತೆ ನಡೆಸಿದರು.

ಬುಧವಾರ ಕಾರು ಗೇಟಿನೊಳಗೆ ತಿರುಗಿದಾಗ ಮರಗಳ ಆಚೆ ಇಟ್ಟಿಗೆಯ ಚಿಮಣಿ ಕಂಡಿತು. ಆಗ ಸಿದ್ದಲಿಂಗಪ್ಪನಿಗೆ ತಿಳಿಯಿತು.

ಎಪ್ಪತ್ತು ಮಂದಿ ಸೇರಿದ್ದರು. ಅರ್ಧ ಗಂಟೆಯ ಪಾಳಿ, ಹಿಂದೆ ಇನ್ನೊಂದು ಮನೆಯವರ ಕಾರು ಆಗಲೇ ಬಂದು ಕಾಯುತ್ತಿತ್ತು. ಮೂರು ದಿನದಿಂದ ಅನ್ನ ಮುಟ್ಟದ ಉಮಾಶಂಕರ ಬಂದು ಅಪ್ಪನ ತೋಳು ಹಿಡಿದ. "ಎಲ್ಲಾ ಸರಿ ಐತಿ, ಹೌದಲ್ಲಪಾ?" ಎಂದ. ಸಿದ್ದಲಿಂಗಪ್ಪ ಮಗನ ಮುಖ ನೋಡಿದ. ಈಗ ಇಲ್ಲ ಅಂದರೆ ಈ ಹುಡುಗ ಇಲ್ಲೇ ಕುಸಿಯುತ್ತಾನೆ ಅನ್ನಿಸಿತು.

"ಎಲ್ಲಾ ಸರಿ ಐತಿ," ಎಂದ.

ಮಗ ಹೋಗಿ ಬಟನ್ ಒತ್ತಿದ. ನೀಲವ್ವನ ಪೆಟ್ಟಿಗೆಯ ಮುಂದೆ ಪರದೆ ಮುಚ್ಚಿಕೊಂಡಿತು.

ಹೊರಗೆ ಬಂದಾಗ ಕಪ್ಪು ಕೋಟಿನವನೊಬ್ಬ ಸಣ್ಣ ಪ್ಲಾಸ್ಟಿಕ್ ಚೀಲ ತಂದು ಕೊಟ್ಟ. ತಾಳಿ, ಬಳೆ, ಬೆಳ್ಳಿಯ ಕರಡಿಗೆ. ಬೆಂಕಿಗೆ ಲೋಹ ಹೋಗಬಾರದೆಂದು ತೆಗೆದಿದ್ದರಂತೆ. ಮುಂಜಾನೆ ತಾನೇ ಅವಳ ಎಡಗೈಯಲ್ಲಿಟ್ಟು ಬೆರಳು ಮಡಿಸಿದ್ದ ಕರಡಿಗೆ ಹೀಗೆ ಅವನ ಕೈಗೇ ವಾಪಸು ಬಂತು.

ಬೂದಿಯ ಡಬ್ಬ ಮಹಡಿಯ ಕಪಾಟಿನಲ್ಲಿ, ನೀಲವ್ವನ ಇಳಕಲ್ ಸೀರೆಗಳ ನಡುವೆ ಉಳಿಯಿತು. ಈ ವರ್ಷ ಆಗಸ್ಟ್ ಇಪ್ಪತ್ತನಾಲ್ಕಕ್ಕೆ ಉಮಾಶಂಕರ ಇಡೀ ಮನೆಗೆ ಟಿಕೀಟು ಮಾಡಿಸಿದ. ಅವನ ಹೆಂಡತಿ ಸಿರಿಶಾಳ ತವರು ಮೈಸೂರು. ಅವರ ಪುರೋಹಿತರು ಶ್ರೀರಂಗಪಟ್ಟಣದಲ್ಲಿ ಎಲ್ಲ ಮಾಡಿಸಿ ಕೊಡುತ್ತಾರೆ, ಬೂದಿಯನ್ನು ಕಾವೇರಿಗೆ ಬಿಡುವುದು. "ಅವ್ವಗ ನದಿ ಆದರೂ ಸಿಗಲಿ," ಎಂದ ಮಗ. ಅಂದಾಗ ಅವನ ಕಣ್ಣು ತುಂಬಿತ್ತು.

ನೀರಿಗೆ ಬಿಟ್ಟರೆ ಮುಗಿಯಿತು, ಮಣ್ಣಿಗೆ ಕೊಡಲು ಅವಳ ಮೈಯದೆಂಬುದು ಏನೂ ಉಳಿಯುವುದಿಲ್ಲ. ಬೇಡ ಅನ್ನಬೇಕಾದರೆ ಯಾಕೆ ಅಂತ ಹೇಳಬೇಕು. ಯಾಕೆ ಅಂತ ಹೇಳಿದರೆ, ನಿನ್ನ ಅವ್ವನನ್ನು ನೀನು ಸುಡಬಾರದಿತ್ತು ಎಂದು ಹಡೆದ ಮಗನಿಗೆ ಹೇಳಿದಂತೆ.

ಜುಲೈ ಕೊನೆಗೆ ಮೊಮ್ಮಗಳು ಧೃತಿಗೆ ಶಾಲೆ ಬಿಟ್ಟಿತು. ಒಂಬತ್ತು ವರ್ಷದ ಹುಡುಗಿ, ಡೈನೋಸಾರ್ ಅಂದರೆ ಊಟ ಬಿಡುತ್ತಿದ್ದಳು. ಅವಳ ಟೀಚರ್ ರಜೆಗೆಂದು ಒಂದು ನಕ್ಷೆ ಮಾಡಿ ಕೊಟ್ಟಿದ್ದರು. ಲಂಡನ್ನಿನಲ್ಲಿ ಹಳೆಯ ಪ್ರಾಣಿಗಳ ಎಲುಬು, ಹಲ್ಲು, ಗೊಂಬೆ ಇರುವ ನಾಲ್ಕು ಜಾಗ. ಒಂದೊಂದು ಕಡೆ ಹೋಗಿ ಒಂದು ಚಿತ್ರ ಬರೆಯಬೇಕು, ಹೊಸದಾಗಿ ತಿಳಿದದ್ದು ಒಂದು ಸಾಲು ಬರೆಯಬೇಕು. ಅಪ್ಪ ಅಮ್ಮ ಇಬ್ಬರೂ ಆಫೀಸಿನವರು. ಹಾಗಾಗಿ ಅಜ್ಜ ಹೊರಟ.

ಧೃತಿಗೆ ಕನ್ನಡ ಎಲ್ಲ ತಿಳಿಯುತ್ತಿತ್ತು, ಆಡುವುದು ಇಂಗ್ಲಿಷು. ಅಜ್ಜನ ಜೊತೆ ಮಾತ್ರ ಎರಡೂ ಕಲಸಿ ಆಡುತ್ತಿದ್ದಳು.

ಮೊದಲನೆಯ ಜಾಗ ಮನೆಯ ಹತ್ತಿರವೇ, ಇಲ್ಫರ್ಡಿನ ಲೈಬ್ರರಿಯ ಮ್ಯೂಸಿಯಂ. ನೂರೈವತ್ತಕ್ಕೂ ಹೆಚ್ಚು ವರ್ಷದ ಹಿಂದೆ ಇಲ್ಲಿಯೇ ಇಟ್ಟಿಗೆಗೆ ಮಣ್ಣು ಅಗೆಯುವಾಗ ದೊಡ್ಡ ಕೋರೆಯ ಮ್ಯಾಮತ್ ಆನೆಯ ತಲೆಬುರುಡೆ ಸಿಕ್ಕಿತಂತೆ. ಎರಡು ಲಕ್ಷ ವರ್ಷದ್ದು.

"ಅಂದ್ರ ನಮ್ಮ ಓಣಿಯಾಗ ಆನಿ ಇತ್ತು," ಎಂದ ಸಿದ್ದಲಿಂಗಪ್ಪ. "ಡೈನೋಸಾರ್‌ಕಿಂತ ದೊಡ್ಡದೇನ?"

"ಅಜ್ಜಾ! ಮ್ಯಾಮತ್ ಡೈನೋಸಾರ್ ಅಲ್ಲ. ಅದು ಬೇಸಿಕ್. ಯಾರಿಗೂ ಹೇಳಬೇಡ ನೀನು ನನ್ನ ಅಜ್ಜ ಅಂತ."

"ಹೇಳೂದಿಲ್ಲವಾ. ಅಷ್ಟ ಹಳೇ ಎಲುಬು ಹೆಂಗ ಮ್ಯಾಲೆ ಎತ್ತಿದ್ರು, ಓದಿ ಹೇಳು."

ಧೃತಿ ಓದಿದಳು. ಮುಟ್ಟಿದರೆ ಪುಡಿಯಾಗುತ್ತಿತ್ತಂತೆ, ಅದಕ್ಕೇ ಸುತ್ತ ಪ್ಲಾಸ್ಟರ್ ಹಾಕಿ, ಗಟ್ಟಿಯಾದ ಮೇಲೆ ಎತ್ತಿದರಂತೆ. ಸಿದ್ದಲಿಂಗಪ್ಪ ಎರಡು ಸಲ ಕೇಳಿಸಿಕೊಂಡ. ಇಪ್ಪತ್ತೇಳು ವರ್ಷ ಜೀವವಿದ್ದ ಎಲುಬಿಗೆ ತಾನು ಮಾಡಿದ್ದನ್ನೇ ಇವರು ಸತ್ತ ಎಲುಬಿಗೆ ಮಾಡಿದ್ದರು. "ಭಾಳ ಕಾಳಜಿ ಮಾಡ್ಯಾರ," ಎಂದ. ಜೇಬಿನ ಮೇಲೆ ಕೈ ಹೋಯಿತು.

ಮುಂದಿನ ವಾರ ಸೌತ್ ಕೆನ್ಸಿಂಗ್ಟನ್. ವೈಟ್‌ಚಾಪೆಲ್‌ನಲ್ಲಿ ಇಳಿದು ರೈಲು ಬದಲಿಸಿ ಹೋದರು. ದೊಡ್ಡ ಮ್ಯೂಸಿಯಂ, ಜಾತ್ರೆಯಂಥ ಗದ್ದಲ. ಬೆನ್ನ ಮೇಲೆ ಹಲಗೆ ಹೊತ್ತದ್ದು, ಹಲ್ಲು ಕಿರಿದದ್ದು, ಉದ್ದ ಕತ್ತಿನದು, ಒಂದೊಂದರ ಹೆಸರನ್ನೂ ಧೃತಿ ಮಣಿ ಪೋಣಿಸಿದ ಹಾಗೆ ಹೇಳುತ್ತಿದ್ದಳು. ಸಿದ್ದಲಿಂಗಪ್ಪ ಒಂದು ಅಸ್ಥಿಪಂಜರದ ಮುಂದೆ ನಿಂತುಬಿಟ್ಟ. ಒಂದು ಪಕ್ಕೆಲುಬಿನ ನಡುವೆ ಸಣ್ಣ ಉಬ್ಬು.

"ಇಲ್ಲಿ ನೋಡವಾ. ಇದು ಮುರಿದು ಕೂಡಿದ್ದಿರಬೇಕು. ನಿಮ್ಮಪ್ಪನ ಕೈಯಾಗ ಇಲ್ಲೇನು, ಹಂಗ."

"ಅದಕ್ಕೆ ಯಾರು ಪ್ಲಾಸ್ಟರ್ ಹಾಕಿದ್ರು?"

"ಯಾರೂ ಇಲ್ಲ. ನೋವ ತಿಂದಕೊಂತ ತಿರಗ್ಯಾಡಿರತದ ಪಾಪ. ಕೂಡ್ಕೊಂಡದ."

ಹುಡುಗಿ ಅದನ್ನೇ ಚಿತ್ರ ಬರೆದುಕೊಂಡಳು. ಕೆಳಗೆ ಇಂಗ್ಲಿಷಿನಲ್ಲಿ ಬರೆದ ಸಾಲನ್ನು ಅಜ್ಜನಿಗೆ ಓದಿ ಹೇಳಿದಳು: ನೋವಾದದ್ದು ಎಲುಬಿನಲ್ಲಿ ಕೋಟಿ ವರ್ಷ ಇರುತ್ತದೆ.

ಹೊರಗೆ ಮೆಟ್ಟಿಲ ಮೇಲೆ ಚಪಾತಿ ಸುರುಳಿ ತಿನ್ನುತ್ತ ಸಿದ್ದಲಿಂಗಪ್ಪ ಅದನ್ನೇ ಯೋಚಿಸಿದ. ಹೆಸರೂ ಇಲ್ಲದ ಒಂದು ಪ್ರಾಣಿಯ ಪಕ್ಕೆಲುಬು ಮಣ್ಣಿನಲ್ಲಿ ಇಷ್ಟು ಕಾಲ ಉಳಿದಿದೆ. ನನ್ನ ನೀಲಿಯದು ಒಂದೂವರೆ ಗಂಟೆಯಲ್ಲಿ ಹೋಯಿತು. ಅವಳ ಬಲ ಮೊಣಕಾಲಿನ ಚಿಪ್ಪು ಸವೆದಿತ್ತು, ಎಡಗಾಲಿನ ಕಿರುಬೆರಳು ಒಮ್ಮೆ ಮಂಚಕ್ಕೆ ಬಡಿದು ಸೊಟ್ಟಗಾಗಿತ್ತು. ಅವೆಲ್ಲ ತನಗೊಬ್ಬನಿಗೆ ನೆನಪು. ತಾನು ಹೋದ ಮೇಲೆ ಅದೂ ಇಲ್ಲ.

"ಅಜ್ಜಾ, ಅಳ್ತಾ ಇದೀಯಾ?"

"ಇಲ್ಲವಾ. ಉಪ್ಪಿನಕಾಯಿ ಖಾರ ಆಗೇದ."

ಮೂರನೆಯದು ಕ್ರಿಸ್ಟಲ್ ಪ್ಯಾಲೆಸ್. ಮತ್ತೆ ವೈಟ್‌ಚಾಪೆಲ್‌ನಲ್ಲಿ ರೈಲು ಬದಲಿಸಿದ್ದು. ಅಲ್ಲಿ ಎಲುಬಿಲ್ಲ, ಕೆರೆಯ ನಡುಗಡ್ಡೆಗಳಲ್ಲಿ ಆನೆಯಂಥ ಗಾತ್ರದ ಹಳೆಯ ಗೊಂಬೆಗಳು. ಡೈನೋಸಾರ್ ಹೇಗಿತ್ತೆಂದು ಇನ್ನೂ ಸರಿಯಾಗಿ ಗೊತ್ತಿಲ್ಲದ ಕಾಲದಲ್ಲಿ ಕಟ್ಟಿದ್ದು. ಧೃತಿ ಕಟಕಟೆಯ ಮೇಲೆ ಬಾಗಿ ಒಂದನ್ನು ತೋರಿಸಿ ನಕ್ಕಳು.

"ಅದರ ಮೂಗಿನ ಮೇಲೆ ಕೊಂಬು ಇದೆಯಲ್ಲ? ಅದು ಮೂಗಿಂದಲ್ಲ, ಹೆಬ್ಬೆರಳಿಂದು. ಎತ್ತಿ ಮೂಗಿಗೆ ಇಟ್ಟುಬಿಟ್ಟರು!"

"ತಪ್ಪಂತ ಗೊತ್ತಾತಿಲ್ಲೋ ಆಮ್ಯಾಲೆ?"

"ಆಯ್ತು."

"ಮತ್ತ ಒಡದು ಹಾಕಲಿಲ್ಲಾ?"

"ಯಾಕೆ ಒಡೀಬೇಕು? ಅವರು ಒಳ್ಳೆ ಮನಸ್ಸಿಂದಾನೇ ಮಾಡಿದ್ದು. ಅವರಿಗೆ ಯಾರೂ ಹೇಳಿರಲಿಲ್ಲ ಅಜ್ಜಾ."

ಸಿದ್ದಲಿಂಗಪ್ಪ ಬೆಂಚಿನ ಮೇಲೆ ಕೂತ. ಬಾತುಕೋಳಿಗಳಿಗೆ ಏನೋ ಎಸೆಯುತ್ತಿದ್ದ ಮೊಮ್ಮಗಳ ಬೆನ್ನು ನೋಡುತ್ತಿದ್ದ. ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ಬದಿಯಲ್ಲೇ ನಿಂತಿದ್ದ, ಕೋಟು ಹಾಕಿಕೊಂಡು.

ಹತ್ತೊಂಬತ್ತನೆಯ ತಾರೀಕು ಕೊನೆಯ ಜಾಗ, ಅಬ್ಬೆ ವುಡ್. ವಿಮಾನಕ್ಕೆ ಐದು ದಿನ ಉಳಿದಿತ್ತು. ಅಲ್ಲಿಯ ಕಾಡಿನಲ್ಲಿ ಒಂದು ಕಡೆ ಮರಳುಮಣ್ಣು ಅಗೆದರೆ ಐದೂವರೆ ಕೋಟಿ ವರ್ಷದ ಹಿಂದಿನ ಶಾರ್ಕ್ ಮೀನಿನ ಹಲ್ಲು ಸಿಗುತ್ತವೆ. ಕೈಯಿಂದ ಅಗೆಯಲು ಮಕ್ಕಳಿಗೆ ಬಿಡುತ್ತಾರೆ ಎಂದು ನಕ್ಷೆಯಲ್ಲಿ ಬರೆದಿತ್ತು. ಅದನ್ನು ಓದಿಸಿಕೊಂಡ ದಿನವೇ ಸಿದ್ದಲಿಂಗಪ್ಪ ಮನಸ್ಸಿನಲ್ಲಿ ಒಂದು ನಿಶ್ಚಯ ಮಾಡಿದ. ಬೂದಿ ನೀರಿಗೆ ಹೋಗುವುದಾದರೆ ಹೋಗಲಿ, ಲಿಂಗವಾದರೂ ಮಣ್ಣಿಗೆ ಸೇರಲಿ. ಅಷ್ಟು ಕಾಲ ಹಲ್ಲುಗಳನ್ನು ಇಟ್ಟುಕೊಂಡ ಮಣ್ಣು ನೀಲವ್ವನದನ್ನೂ ಇಟ್ಟುಕೊಂಡೀತು. ಮಗನಿಗೆ ತಿಳಿಯುವುದೂ ಬೇಡ.

ಮುಂಜಾನೆ ಸ್ನಾನ ಮಾಡಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಂದ.

"ಇವತ್ತು ಯಾಕೆ ಇಷ್ಟು ದೊಡ್ಡದು?" ಎಂದಳು ಧೃತಿ.

"ಗುಡ್ಡಾ ಹತ್ತಬೇಕಲ್ಲವಾ. ಶಕ್ತಿಗೆ."

ಸ್ಟೇಷನ್ನಿನಿಂದ ಏರು ದಾರಿ. ಪಾಳುಬಿದ್ದ ಒಂದು ಹಳೆಯ ಮಠದ ಮೋಟುಗೋಡೆಗಳನ್ನು ದಾಟಿ ಕಾಡಿನೊಳಗೆ ಹೋದರೆ ಬೇಲಿ ಹಾಕಿದ ಜಾಗ. ಹುಲ್ಲಿನ ಹ್ಯಾಟು ಹಾಕಿದ ಮುದುಕಿಯೊಬ್ಬಳು ಮಕ್ಕಳಿಗೆ ಜರಡಿ ಕೊಡುತ್ತಿದ್ದಳು. "ಏನು ಸಿಕ್ಕರೂ ನನಗೆ ತೋರಿಸಿ," ಎಂದಳು ಇಂಗ್ಲಿಷಿನಲ್ಲಿ. "ಹೋಗುವಾಗ ಕುಳಿ ಮುಚ್ಚಿ ಹೋಗಿ. ನಾಳೆ ಇನ್ನೊಂದು ಗುಂಪು ಬರುತ್ತದೆ."

ಧೃತಿ ಜರಡಿ ಹಿಡಿದು ಕೂತಳು. ಸಿದ್ದಲಿಂಗಪ್ಪ ಬೇಲಿಯ ಮೂಲೆಗೆ ಹೋಗಿ, ಸವೆದ ಮಂಡಿ ಊರಿ, ಸಣ್ಣ ಕರಣೆಯಿಂದ ಅಗೆಯತೊಡಗಿದ. ಮಣ್ಣು ತಣ್ಣಗಿತ್ತು, ಹಿಟ್ಟಿನಷ್ಟು ನುಣುಪು. ಮೊಳದಷ್ಟು ಆಳವಾದಾಗ ಜೇಬಿನಿಂದ ಕರಡಿಗೆ ತೆಗೆದ. ಹಣೆಗೆ ಒತ್ತಿಕೊಂಡು ಕುಳಿಯಲ್ಲಿಟ್ಟ. ಚಿಟಿಕೆ ವಿಭೂತಿ ಉದುರಿಸಿದ. ತುಟಿ ಅಲ್ಲಾಡಿತು, ಮಂತ್ರ ಬರಲಿಲ್ಲ, "ನೀಲೀ" ಅನ್ನುವುದೊಂದೇ ಬಂತು.

"ಅಜ್ಜಾ, ಸಿಕ್ತು! ಹಲ್ಲು ಸಿಕ್ತು!"

ಅಂಗೈಯಲ್ಲಿ ಕರಿಯ ಮುಳ್ಳಿನಂಥದೊಂದನ್ನು ಹಿಡಿದು ಓಡಿಬಂದ ಧೃತಿ ಕುಳಿಯ ಮುಂದೆ ನಿಂತಳು.

"ಅದು ಅಜ್ಜೀದು," ಎಂದಳು.

"ಹೂಂನವಾ."

"ಯಾಕೆ ಇಲ್ಲಿಡ್ತಾ ಇದೀಯಾ? ನಾಳೆ ಯಾರಾದರೂ ಜರಡಿ ಹಿಡೀತಾರೆ. ಅಜ್ಜೀದು ಎತ್ತಿ ಆ ಹ್ಯಾಟ್ ಅಜ್ಜಿಗೆ ಕೊಡ್ತಾರೆ. ಅವರು ಮ್ಯೂಸಿಯಂನಲ್ಲಿ ಇಟ್ಟುಬಿಡ್ತಾರೆ!"

ಸಿದ್ದಲಿಂಗಪ್ಪನಿಗೆ ನಗು ಬಂತು. ನಗುತ್ತ ನಗುತ್ತಲೇ, ಹದಿನೆಂಟು ತಿಂಗಳಿಂದ ಬಾಯಿಬಿಟ್ಟು ಅಳದಿದ್ದವನು ಮಣ್ಣಿನ ಕೈಯಿಂದಲೇ ಮುಖ ಮುಚ್ಚಿಕೊಂಡು ಅತ್ತ. ಹುಡುಗಿ ಹೆದರಿ ಅವನ ಬೆನ್ನ ಮೇಲೆ ಕೈಯಿಟ್ಟಳು. ಅಲ್ಲೇ ಕೂತು, ತಡೆದು ತಡೆದು, ಅವನು ಎಲ್ಲ ಹೇಳಿದ. ತಮ್ಮವರು ಸತ್ತರೆ ಏನು ಮಾಡುತ್ತಾರೆ, ಲಿಂಗ ಎಲ್ಲಿಡುತ್ತಾರೆ, ಅವತ್ತು ಏನಾಯಿತು.

"ಪಪ್ಪಾಗೆ ಗೊತ್ತಾ?"

"ಇಲ್ಲ."

"ಆದರೆ ಪಪ್ಪಾ ಅಜ್ಜೀನ ನದಿಗೆ ಹಾಕ್ತಾನೆ. ಸೋಮವಾರ ಹೋಗ್ತೀವಿ."

"ಗೊತ್ತದವಾ. ನೀ ಹೇಳಬ್ಯಾಡ. ಅಂವಗ ಭಾಳ ತ್ರಾಸ ಆಗತದ. ನನ್ನ ಕೈಯಾಗ ಕೈ ಇಟ್ಟು ಆಣಿ ಮಾಡು."

ಧೃತಿ ಕೈಯಿಟ್ಟಳು. ಇನ್ನೊಂದು ಕೈಯ ಮುಷ್ಟಿಯಲ್ಲಿ ಶಾರ್ಕಿನ ಹಲ್ಲು ಇತ್ತು. ಸಿದ್ದಲಿಂಗಪ್ಪ ಕರಡಿಗೆಯನ್ನು ಮೇಲೆತ್ತಿ, ಒರೆಸಿ, ಮತ್ತೆ ಜೇಬಿಗೆ ಹಾಕಿಕೊಂಡ. ಕುಳಿ ಮುಚ್ಚಿದ.

ವೈಟ್‌ಚಾಪೆಲ್‌ನಲ್ಲಿ ಇಳಿಯುವಾಗ ಅಜ್ಜನ ಕೈ ಹಿಡಿದುಕೊಂಡವಳು ಇಲ್ಫರ್ಡಿನವರೆಗೆ ಬಿಡಲಿಲ್ಲ.

ಸಂಜೆ ಆರಕ್ಕೆ ಉಮಾಶಂಕರ ಬಂದ. ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿತ್ತು. ಮೂರು ಚೌಕದಲ್ಲಿ ಚಿತ್ರ, ಸಾಲು. ನಾಲ್ಕನೆಯದು ಖಾಲಿ.

"ಏನವಾ, ಡಾಕ್ಟರ್ ಡೈನೋಸಾರ್! ಎಷ್ಟು ಹಲ್ಲು ಕಿತ್ತಿ ಇವತ್ತು?" ಎಂದ ಮಗಳ ತಲೆ ಸವರುತ್ತ.

ಧೃತಿ ಅಪ್ಪನನ್ನು ನೋಡಿದಳು. ಅಜ್ಜನನ್ನು ನೋಡಿದಳು. ಕೆಳತುಟಿ ಕಚ್ಚಿಕೊಂಡು, ಏನೂ ಇಲ್ಲ ಎಂದು ತಲೆ ಅಲ್ಲಾಡಿಸಿದಳು.

ಆ ತಲೆ ಅಲ್ಲಾಡಿಸುವುದನ್ನು ಸಿದ್ದಲಿಂಗಪ್ಪ ಬಲ್ಲ. ಪ್ಲಾಸ್ಟರ್ ರೂಮಿನಲ್ಲಿ ಮೂವತ್ತು ವರ್ಷದ ಹಿಂದೆ ಎಂಟು ವರ್ಷದ ಹುಡುಗನೊಬ್ಬ ಹೀಗೇ ಅಲ್ಲಾಡಿಸಿದ್ದ. ತಾನು ಹೊರಲಾರದ್ದನ್ನು ಈ ಕೂಸಿನ ತಲೆಯ ಮೇಲಿಟ್ಟು ಬಂದಿದ್ದೇನೆ ಅನ್ನಿಸಿತು.

"ಉಮಾ," ಎಂದ. "ಕೂಡಪಾ. ಒಂದ ಮಾತದ."

ಹೇಳಿದ. ಹೇಳಲು ಐದು ನಿಮಿಷ ಕೂಡ ಬೇಕಾಗಲಿಲ್ಲ. ಕರಡಿಗೆ ತೆಗೆದು ಮೇಜಿನ ಮೇಲಿಟ್ಟ. ಒಲೆಯ ಮುಂದಿದ್ದ ಸಿರಿಶಾ ಸೌಟು ಹಿಡಿದು ಹಾಗೇ ನಿಂತಳು. ಉಮಾಶಂಕರ ತನ್ನ ಬಲಗೈಯ ತೋರುಬೆರಳನ್ನೇ ನೋಡಿಕೊಳ್ಳುತ್ತಿದ್ದ.

"ಬಟನ್ ಒತ್ತಿದಾಂವ ನಾನು," ಎಂದ ಕಡೆಗೆ.

"ಇಲ್ಲಪಾ, ನಿನಗ ಗೊತ್ತಿರಲಿಲ್ಲ."

"ನಿನಗ ಗೊತ್ತಿತ್ತು! ನೀ ನನ್ನ ಬಾಜೂಕ ನಿಂತಿದ್ದಿ. ನಾ ಕೇಳಿದೆ. ಎಲ್ಲಾ ಸರಿ ಐತಿ ಅಂದಿ."

"ಅಂದೆ."

"ಒಂದ ಮಾತು ಹೇಳಿದ್ರ ನಿಲ್ಲಸ್ತಿದ್ದೆ ಅಪ್ಪಾ. ಒಂದ ಮಾತು."

"ಎಪ್ಪತ್ತ ಮಂದಿ ಕೂಡಿದ್ರು…"

"ಎಪ್ಪತ್ತ ಮಂದೀದು ಅವ್ವ ಅಲ್ಲ, ನನ್ನ ಅವ್ವ!"

"ನಿನಗ ನೋವಾಗಬಾರದಂತ ಸುಮ್ಮನಿದ್ದೆ."

"ಈಗ?" ಎಂದ ಉಮಾಶಂಕರ. ಉತ್ತರಕ್ಕೆ ಕಾಯದೆ ಎದ್ದು ಮಹಡಿಗೆ ಹೋದ. ಕಪಾಟಿನ ಬಾಗಿಲು ತೆಗೆದ ಸದ್ದು ಕೆಳಗೆ ಕೇಳಿಸಿತು. ಮುಚ್ಚಿದ ಸದ್ದು ಕೇಳಿಸಲಿಲ್ಲ.

ಮರುದಿನ ಸಿರಿಶಾ ಮೈಸೂರಿಗೆ ಫೋನು ಮಾಡಿದಳು. "ಇಲ್ಲಮ್ಮಾ, ಶ್ರೀರಂಗಪಟ್ಟಣ ಬೇಡ ಅಂತ ಹೇಳಿಬಿಡು. ಟಿಕೆಟ್ಟೂ ಕ್ಯಾನ್ಸಲ್. ಇವರ ಕಡೆ ಪದ್ಧತಿ ಬೇರೆ… ಹೂಂ, ನಮಗೆ ಗೊತ್ತಿರಲಿಲ್ಲ." ಫೋನಿಟ್ಟು ಬಂದು ಮಾವನ ಎದುರು ಕೂತಳು. "ಮಾವ, ನನ್ನ ಹತ್ರನಾದ್ರೂ ಹೇಳಬಹುದಿತ್ತಲ್ವಾ?"

"ಹೇಳಬಹುದಿತ್ತವಾ," ಎಂದ ಸಿದ್ದಲಿಂಗಪ್ಪ. "ಹೇಳೂದು ಕಲೀಲಿಲ್ಲ ನಾನು."

ಉಮಾಶಂಕರ ಹದಿಮೂರು ದಿನ ಅಪ್ಪನೊಡನೆ ಮಾತಾಡಲಿಲ್ಲ. ಬೆಳಿಗ್ಗೆ ಅವನು ಮಾಡಿಟ್ಟ ಚಹಾ ಎಂದಿನಂತೆ ಮೇಜಿನ ಮೇಲೆ ಇರುತ್ತಿತ್ತು, ಮುಚ್ಚಳ ಹಾಕಿಕೊಂಡು. ಸಿದ್ದಲಿಂಗಪ್ಪ ಕುಡಿದು, ಬಟ್ಟಲು ತೊಳೆದಿಡುತ್ತಿದ್ದ. ಮನೆಯಲ್ಲಿ ಇಬ್ಬರ ಹೆಜ್ಜೆ ಸದ್ದು ಒಂದನ್ನೊಂದು ತಪ್ಪಿಸಿಕೊಂಡು ಓಡಾಡುತ್ತಿತ್ತು. ಧೃತಿಗೆ ಶಾಲೆ ಶುರುವಾಯಿತು. ನಕ್ಷೆಯನ್ನು ನಾಲ್ಕನೆಯ ಚೌಕ ಖಾಲಿ ಬಿಟ್ಟೇ ಕೊಟ್ಟು ಬಂದಳು.

ಹದಿನಾಲ್ಕನೆಯ ದಿನ ಉಮಾಶಂಕರ ಬಾಗಿಲಲ್ಲಿ ನಿಂತು, ಬೂಟಿನ ದಾರ ಕಟ್ಟುತ್ತ, ತಲೆ ಎತ್ತದೆ ಹೇಳಿದ: "ಮಂಗಳವಾರ ಹತ್ತಕ್ಕ ಮಣ್ಣು. ಇಬ್ಬರಿಗೆ ಸಾಲೂವಷ್ಟು ಜಾಗ ಕೇಳೀನಿ. ಕೊಟ್ಟಾರ."

ಮಣ್ಣು ಅನ್ನುವ ಮಾತನ್ನು ಅವನು ಆ ಅರ್ಥದಲ್ಲಿ ಬಾಯಿಂದ ಆಡಿದ್ದು ಅದೇ ಮೊದಲು.

ಮಂಗಳವಾರ ಮೋಡ ಕವಿದಿತ್ತು. ಕೌನ್ಸಿಲ್ಲಿನ ಸ್ಮಶಾನದಲ್ಲಿ, ಬೇಲಿಯ ಬದಿಯ ಎರಡು ಮರಗಳ ನಡುವೆ ತೋಳುದ್ದದ ಒಂದು ಕುಳಿ ತೆಗೆದಿದ್ದರು. ಜೇಡಿ ಮಣ್ಣು, ಹಳದಿ, ಇಟ್ಟಿಗೆಗೆ ಬರುವಂಥದ್ದು. ಮನೆಯ ನಾಲ್ವರೇ. ಅಯ್ಯನವರು ಸಿಗಲಿಲ್ಲ. ಸಿರಿಶಾ ಸೌತ್‌ಹಾಲ್‌ವರೆಗೆ ಹೋಗಿ ಒಣಗಿದ ಬಿಲ್ವಪತ್ರೆ ಹುಡುಕಿ ತಂದಿದ್ದಳು. ಡಬ್ಬದಲ್ಲಿದ್ದುದನ್ನು ನೀಲವ್ವನ ಇಳಕಲ್ ಸೀರೆಯ ಸೆರಗಿನಲ್ಲಿ ಗಂಟು ಕಟ್ಟಿ ತಂದಿದ್ದರು. ಉಮಾಶಂಕರ ಮೊಣಕಾಲೂರಿ ಅದನ್ನು ಇಳಿಬಿಟ್ಟ. ಸಿದ್ದಲಿಂಗಪ್ಪ ಪತ್ರೆ ಹಾಕಿದ, ವಿಭೂತಿ ಹಾಕಿದ. ಕರಡಿಗೆಯ ಮುಚ್ಚಳ ತೆಗೆದು ಲಿಂಗವನ್ನು ಕೈಗೆ ತೆಗೆದುಕೊಂಡ.

ತೆಗೆದುಕೊಂಡು ಸುಮ್ಮನೆ ನಿಂತುಬಿಟ್ಟ.

"ಏನಾತು?" ಎಂದ ಉಮಾಶಂಕರ.

"ಎಡಗೈಯಾಗ ಇಡಬೇಕು," ಎಂದ ಸಿದ್ದಲಿಂಗಪ್ಪ. ಸೀರೆಯ ಗಂಟನ್ನೇ ನೋಡುತ್ತಿದ್ದ. "ಎಲ್ಲಿ ಇಡಲಿ?"

ಮರದಿಂದ ಎಲೆಯೊಂದು ಉದುರಿತು. ಉಮಾಶಂಕರ ಸ್ವಲ್ಪ ಹೊತ್ತು ಕುಳಿಯ ಕಡೆ ನೋಡಿದ. ಆಮೇಲೆ ಕೋಟು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟು, ಅಂಗಿಯ ಎಡತೋಳು ಮಡಿಸಿ, ಅಂಗೈ ಬಿಚ್ಚಿ ಅಪ್ಪನ ಮುಂದೆ ಹಿಡಿದ.

ಸಿದ್ದಲಿಂಗಪ್ಪ ಆ ಅಂಗೈ ನಡುವೆ ಲಿಂಗವಿಟ್ಟ. ಬೆರಳು ಒಂದೊಂದಾಗಿ ಮಡಿಸಿದ, ಕಿರುಬೆರಳಿನಿಂದ ಹೆಬ್ಬೆರಳಿನವರೆಗೆ. ಅವನ ಹೆಬ್ಬೆರಳು ಮಣಿಕಟ್ಟಿನ ಗಂಟಿನ ಮೇಲೆ ಬಂದು ನಿಂತಿತು.

"ನೋವಾಗ್ತದೇನಪಾ?" ಎಂದ.

"ಆಗ್ತದ ಅಪ್ಪಾ," ಎಂದ ಮಗ.

ಒದ್ದೆ ಹುಲ್ಲಿನ ಮೇಲೆ ಬೋರಲು ಮಲಗಿ ಉಮಾಶಂಕರ ಆ ಕೈಯನ್ನು ಭುಜದವರೆಗೂ ಕುಳಿಯೊಳಗೆ ಇಳಿಸಿದ. ಕೆನ್ನೆ ಮಣ್ಣಿಗೆ ತಾಗಿತ್ತು. ಬಹಳ ಹೊತ್ತು ಆ ಕೈ ಮೇಲೆ ಬರಲಿಲ್ಲ.